ಮೂರು ತಲೆಯ ನಾಯಿಯ ಜಾಡು: ಫ್ಯಾಂಟಸಿ, ಗ್ರೀಕ್ ಪುರಾಣ, ಪದಮೂಲಗಳನ್ನು ಕೂಡಿಸಿ ಓದುವ ಕ್ರಮ

ಫ್ಯಾಂಟಸಿ ಕಾದಂಬರಿಯ ನಡುವೆ ಮೂರು ತಲೆಯ ನಾಯಿಯೋ, ಸೊಂಟದಿಂದ ಕೆಳಗೆ ಕುದುರೆಯಾಗಿರುವ ಮನುಷ್ಯನೋ, ತನ್ನನ್ನು ನೋಡಿದವರನ್ನು ಕಲ್ಲಾಗಿಸುವ ಹೆಣ್ಣೋ ಎದುರಾದಾಗ, ಇದು ಗ್ರೀಕ್ ಪುರಾಣದಿಂದ ಬಂದದ್ದು ಎಂದು ಗುರುತಿಸಿ ಪುಟ ಮಗುಚುವುದು ಹಲವು ಓದುಗರ ರೂಢಿ. ಗುರುತು ಹಿಡಿದ ಸಂತೋಷವನ್ನು ಅಲ್ಲಗಳೆಯಬೇಕಾಗಿಲ್ಲ, ಆದರೆ ಅಷ್ಟಕ್ಕೇ ನಿಂತರೆ ಕೈಗೆ ಸಿಗುವುದು ಒಂದು ಪಟ್ಟಿ ಮಾತ್ರ. ಹಳೆಯ ಕತೆಗೂ ಹೊಸ ಕತೆಗೂ ಇರುವ ಹೋಲಿಕೆಗಿಂತ ಅವೆರಡರ ನಡುವಿನ ವ್ಯತ್ಯಾಸವೇ ಲೇಖಕರ ಮನಸ್ಸನ್ನು ಹೆಚ್ಚಾಗಿ ತೋರಿಸಿಕೊಡುತ್ತದೆ ಎಂಬುದು ಈ ಬರಹದ ನಿಲುವು. ಆ ವ್ಯತ್ಯಾಸವನ್ನು ಹುಡುಕುವ, ಅಳೆಯುವ, ಬರೆದಿಟ್ಟುಕೊಳ್ಳುವ ಒಂದು ಕ್ರಮವನ್ನು ಮುಂದೆ ಹಂತಹಂತವಾಗಿ ವಿವರಿಸಿದೆ. ಇದಕ್ಕೆ ಗ್ರೀಕ್ ಅಥವಾ ಲ್ಯಾಟಿನ್ ಬರಬೇಕೆಂದಿಲ್ಲ. ನಿಮಗೆ ಇಷ್ಟವಾದ ಒಂದು ಕಾದಂಬರಿ, ಒಂದೆರಡು ಪ್ರಾಚೀನ ಕಾವ್ಯಗಳ ಅನುವಾದ, ಪದಗಳ ಇತಿಹಾಸ ಕೊಡುವ ಒಂದು ನಿಘಂಟು ಮತ್ತು ಒಂದು ನೋಟ್‌ಬುಕ್ ಇದ್ದರೆ ಸಾಕು.

ಮೊದಲ ಓದು

ಕಾದಂಬರಿಯನ್ನು ಮೊದಲ ಸಲ ಕತೆಗಾಗಿಯೇ ಓದಿ ಮುಗಿಸಿ. ಪ್ರತಿ ಹೆಸರಿಗೂ ನಿಂತು ಫೋನಿನಲ್ಲಿ ಹುಡುಕುತ್ತ ಹೋದರೆ ಕತೆಯ ಓಟ ತುಂಡಾಗುತ್ತದೆ, ಮುಂದೆ ಬರಲಿರುವ ತಿರುವುಗಳು ಮೊದಲೇ ಬಯಲಾಗುವ ಅಪಾಯವೂ ಇದೆ. ಅನುಮಾನ ಬಂದ ಕಡೆ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿದರೆ ಸಾಕು.

ಮುಗಿದ ಮೇಲೆ ಆ ಗುರುತುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಇಲ್ಲಿ ಒಂದು ಎಚ್ಚರಿಕೆ ಬೇಕು: ಹೆಸರನ್ನಷ್ಟೇ ಬರೆದುಕೊಳ್ಳದೆ, ಆ ಜೀವಿ ಅಥವಾ ವಸ್ತು ಕತೆಯಲ್ಲಿ ಮಾಡುವ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಬಾಗಿಲು ಕಾಯುತ್ತದೆ, ಸಂಗೀತ ಕೇಳಿದರೆ ನಿದ್ದೆ ಹೋಗುತ್ತದೆ’ ಎಂಬ ಟಿಪ್ಪಣಿ ‘ಮೂರು ತಲೆಯ ನಾಯಿ’ ಎಂಬ ಟಿಪ್ಪಣಿಗಿಂತ ಹತ್ತು ಪಟ್ಟು ಉಪಯುಕ್ತ. ಹೆಸರುಗಳು ಬದಲಾಗುತ್ತವೆ, ತಲೆಗಳ ಸಂಖ್ಯೆಯೂ ಬದಲಾಗುತ್ತದೆ. ಕೆಲಸ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ, ಬದಲಾದಾಗ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಹಾಗೆಯೇ ಕತೆಯೊಳಗಿನ ನಿಯಮಗಳನ್ನೂ ಬರೆದುಕೊಳ್ಳಿ: ಆಚೆ ಲೋಕದಲ್ಲಿ ಏನನ್ನೂ ತಿನ್ನಬಾರದು, ಹಿಂದಿರುಗಿ ನೋಡಬಾರದು, ನಿಜವಾದ ಹೆಸರನ್ನು ಹೇಳಬಾರದು. ಪುರಾಣದ ಜಾಡು ಜೀವಿಗಳಿಗಿಂತ ಇಂಥ ನಿಯಮಗಳಲ್ಲಿ ಹೆಚ್ಚು ಆಳವಾಗಿ ಉಳಿದಿರುತ್ತದೆ.

ಆಕರಗಳ ಆಯ್ಕೆ

ಗ್ರೀಕ್ ಪುರಾಣಕ್ಕೆ ಒಂದೇ ಒಂದು ಮೂಲಗ್ರಂಥವಿಲ್ಲ. ಹೋಮರನ ಹೆಸರಿನಲ್ಲಿರುವ ‘ಇಲಿಯಡ್’ ಮತ್ತು ‘ಒಡಿಸ್ಸಿ’ಗಳನ್ನು ಸಾಮಾನ್ಯವಾಗಿ ಕ್ರಿಸ್ತಪೂರ್ವ 8ನೇ ಶತಮಾನದ ಆಸುಪಾಸಿಗೆ ಸೇರಿಸುತ್ತಾರೆ, ದೇವತೆಗಳ ವಂಶಾವಳಿಯನ್ನು ಹೇಳುವ ಹೆಸಿಯಡ್‌ನ ‘ಥಿಯೋಗನಿ’ ಸುಮಾರು ಕ್ರಿ.ಪೂ. 700ರದ್ದು, ಅಥೆನ್ಸಿನ ದುರಂತ ನಾಟಕಗಳು ಕ್ರಿ.ಪೂ. 5ನೇ ಶತಮಾನದವು. ಇಂದು ನಮಗೆ ಹೆಚ್ಚು ಪರಿಚಿತವಾಗಿರುವ ಎಷ್ಟೋ ಕತೆಗಳು ತಲುಪಿರುವುದು ಇವೆಲ್ಲಕ್ಕಿಂತ ಬಹಳ ತಡವಾಗಿ ಬಂದ ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫಸಿಸ್’ ಎಂಬ 15 ಭಾಗಗಳ ಲ್ಯಾಟಿನ್ ಕಾವ್ಯದ ಮೂಲಕ, ಅದು ಪೂರ್ಣಗೊಂಡದ್ದು ಸುಮಾರು ಕ್ರಿ.ಶ. 8ರಲ್ಲಿ. ಅಂದರೆ ಹೋಮರನಿಗೂ ಓವಿಡ್‌ನಿಗೂ ನಡುವೆ ಹತ್ತಿರ ಹತ್ತಿರ ಏಳು ಶತಮಾನಗಳ ಅಂತರವಿದೆ. ‘ಗ್ರೀಕ್ ಪುರಾಣದಲ್ಲಿ ಹೀಗಿದೆ’ ಎಂಬ ಮಾತನ್ನು ಎಲ್ಲಿ ಕಂಡರೂ, ಯಾರ ಗ್ರಂಥದಲ್ಲಿ, ಯಾವ ಕಾಲದಲ್ಲಿ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಟ್ರಾಯ್ ನಗರದ ಮರದ ಕುದುರೆ ‘ಇಲಿಯಡ್’ನಲ್ಲಿ ಬರುವುದೇ ಇಲ್ಲ ಎಂಬುದು ಹಲವರಿಗೆ ಅಚ್ಚರಿ ತರುತ್ತದೆ, ಆ ಕಾವ್ಯ ಟ್ರಾಯ್‌ನ ವೀರ ಹೆಕ್ಟರನ ಅಂತ್ಯಕ್ರಿಯೆಗೇ ಮುಗಿಯುತ್ತದೆ.

ಹೊಸಬರು ‘ಒಡಿಸ್ಸಿ’ಯ 24 ಭಾಗಗಳನ್ನು ಮೊದಲಿನಿಂದ ಓದಲು ಹೊರಟು ನಡುವೆ ಕೈಬಿಡುವುದುಂಟು. ಅದಕ್ಕಿಂತ 9ರಿಂದ 12ರವರೆಗಿನ ನಾಲ್ಕು ಭಾಗಗಳನ್ನು ಮೊದಲು ಓದುವುದು ಮೇಲು. ಒಕ್ಕಣ್ಣಿನ ದೈತ್ಯ, ಮನುಷ್ಯರನ್ನು ಹಂದಿಗಳಾಗಿಸುವ ಸರ್ಸಿ, ಸತ್ತವರ ಜೊತೆಗಿನ ಮಾತುಕತೆ, ಹಾಡಿ ಕರೆಯುವ ಸೈರನ್‌ಗಳು, ಆರು ತಲೆಯ ಸಿಲ್ಲಾ ಎಲ್ಲವೂ ಅಲ್ಲೇ ಇವೆ. ನಂತರದ ಫ್ಯಾಂಟಸಿ ಸಾಹಿತ್ಯದ ದೊಡ್ಡ ಉಗ್ರಾಣವೆಂದರೆ ಈ ನಾಲ್ಕು ಭಾಗಗಳೇ. ಓವಿಡ್‌ನನ್ನು ಬೇಕಾದ ಕತೆಯಷ್ಟೇ ಆರಿಸಿ ಬಿಡಿಬಿಡಿಯಾಗಿ ಓದಬಹುದು. ಚಿಕ್ಕ ವಯಸ್ಸಿನವರಿಗೆ ಓದಿಸುವವರು ಮಾತ್ರ ತಾವು ಮೊದಲು ಓದಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ಹೆಣ್ಣಿನ ಮೇಲಿನ ಬಲಾತ್ಕಾರದ ಕತೆಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ಪುರಾಣಗಳ ಸರಳ ಮರುನಿರೂಪಣೆಗಳು ಕತೆಯ ಎಳೆ ಹಿಡಿಯಲು ಸಹಾಯಕವೇ ಹೌದು. ಆದರೆ ಅವು ಹಲವು ರೂಪಗಳನ್ನು ಬೆಸೆದು ಒಂದು ಮಾಡಿಬಿಡುವುದರಿಂದ, ನಮಗೆ ಬೇಕಾದ ಬಿರುಕುಗಳೇ ಅಲ್ಲಿ ಮುಚ್ಚಿಹೋಗಿರುತ್ತವೆ.

ದೇವತೆಗಳ ಜೋಡಿ ಹೆಸರುಗಳ ಬಗ್ಗೆಯೂ ಗಮನವಿರಲಿ. ಗ್ರೀಕರ ಸ್ಯೂಸ್, ಹರ್ಮಿಸ್, ಪರ್ಸೆಫೊನಿಯರು ಲ್ಯಾಟಿನ್ ಕಾವ್ಯಗಳಲ್ಲಿ ಜುಪಿಟರ್, ಮರ್ಕ್ಯುರಿ, ಪ್ರೊಸರ್ಪಿನಾ ಆಗುತ್ತಾರೆ. ಕಾದಂಬರಿಕಾರರು ಬಳಸಿದ ಹೆಸರು ಯಾವ ಬಗೆಯದು ಎಂಬುದು ಅವರು ಯಾವ ಆಕರವನ್ನು ನೋಡಿರಬಹುದು ಎಂಬುದಕ್ಕೆ ಒಂದು ಸಣ್ಣ ಸುಳಿವು.

ಎರಡು ರೂಪಗಳನ್ನು ಎದುರುಬದುರು ಇಡುವುದು

ಕಾದಂಬರಿಯನ್ನು ಪುರಾಣದೊಂದಿಗೆ ಹೋಲಿಸುವ ಮುನ್ನ ಪುರಾಣವನ್ನು ಪುರಾಣದೊಂದಿಗೇ ಹೋಲಿಸಿ ಕೈ ಪಳಗಿಸಿಕೊಳ್ಳಬೇಕು. ಇದಕ್ಕೆ ಪರ್ಸೆಫೊನಿಯ ದಾಳಿಂಬೆಯಷ್ಟು ಚೆನ್ನಾದ ಉದಾಹರಣೆ ಸಿಗುವುದು ಕಷ್ಟ. ಮಾಯಾಲೋಕದಲ್ಲಿ ಕೊಟ್ಟದ್ದನ್ನು ತಿಂದವರು ಮನೆಗೆ ಮರಳಲಾರರು ಎಂಬ, ಫ್ಯಾಂಟಸಿಯಲ್ಲಿ ಮತ್ತೆ ಮತ್ತೆ ಕಾಣುವ ನಿಯಮದ ಬಹು ಹಳೆಯ ರೂಪಗಳಲ್ಲಿ ಇದೊಂದು.

ಪರ್ಸೆಫೊನಿಯ ತಾಯಿ ಡಿಮೀಟರ್ ದೇವಿಯನ್ನು ಕುರಿತ, ಹೋಮರನ ಹೆಸರಿಗೆ ಅಂಟಿಕೊಂಡು ಬಂದಿರುವ ಪ್ರಾಚೀನ ಸ್ತೋತ್ರದಲ್ಲಿ, ಪಾತಾಳದ ಒಡೆಯ ಹೇಡಿಸ್ ತಾನು ಅಪಹರಿಸಿ ತಂದ ಪರ್ಸೆಫೊನಿಯನ್ನು ತಾಯಿಯ ಬಳಿಗೆ ಕಳಿಸಿಕೊಡುವ ಮುನ್ನ ಗುಟ್ಟಾಗಿ ದಾಳಿಂಬೆಯ ಕಾಳನ್ನು ತಿನ್ನಿಸುತ್ತಾನೆ. ಆಕೆ ತಾಯಿಗೆ ನಡೆದುದನ್ನು ಹೇಳುವಾಗ, ಒಲ್ಲದಿದ್ದರೂ ಬಲವಂತದಿಂದ ತಿನ್ನಿಸಿದ ಎನ್ನುತ್ತಾಳೆ. ಅದರ ಫಲವಾಗಿ ವರ್ಷದ ಮೂರನೆಯ ಒಂದು ಪಾಲನ್ನು ಅವಳು ಪಾತಾಳದಲ್ಲಿ ಕಳೆಯಬೇಕಾಗುತ್ತದೆ. ಓವಿಡ್‌ನ ಕಾವ್ಯದ 5ನೇ ಭಾಗಕ್ಕೆ ಬಂದರೆ ದೃಶ್ಯವೇ ಬೇರೆ. ಅಲ್ಲಿ ಹುಡುಗಿ ಪಾತಾಳದ ತೋಟದಲ್ಲಿ ಅಡ್ಡಾಡುತ್ತ ತಾನೇ ಹಣ್ಣು ಕಿತ್ತು, ಸಿಪ್ಪೆ ಸುಲಿದು, ಏಳು ಕಾಳುಗಳನ್ನು ತಿನ್ನುತ್ತಾಳೆ. ಅದನ್ನು ಕಂಡ ಒಬ್ಬನೇ ಸಾಕ್ಷಿ ಅಸ್ಕಲಫಸ್ ಚಾಡಿ ಹೇಳುತ್ತಾನೆ. ಅವಳು ಅವನನ್ನು ಗೂಬೆಯಾಗಿಸಿಬಿಡುತ್ತಾಳೆ. ಕೊನೆಗೆ ವರ್ಷ ಎರಡು ಸಮಪಾಲಾಗುತ್ತದೆ.

ಹಣ್ಣು ಒಂದೇ, ಫಲಿತಾಂಶವೂ ಬಹುಮಟ್ಟಿಗೆ ಒಂದೇ. ಆದರೆ ತಿಂದದ್ದರ ಹೊಣೆ ಯಾರದು ಎಂಬುದು ಪೂರ್ತಿ ತಿರುಗಿದೆ. ಸ್ತೋತ್ರದ್ದು ತಾಯಿಯ ದುಃಖದ ಕತೆ. ಮಗಳು ಅಲ್ಲಿ ಕಳವಾದವಳು. ಓವಿಡ್‌ನದು ರೂಪಾಂತರಗಳ ಕತೆ; ಒಬ್ಬನನ್ನು ಹಕ್ಕಿಯಾಗಿಸಬೇಕಾದರೆ ಅವನೊಬ್ಬ ಸಾಕ್ಷಿಯಾಗಬೇಕು, ಸಾಕ್ಷಿ ಬೇಕಾದರೆ ಯಾರೂ ಕಾಣದಂತೆ ಮಾಡಿದ ಒಂದು ಕೃತ್ಯ ಇರಬೇಕು. ಕಾವ್ಯದ ಅಗತ್ಯ ಕತೆಯ ವಿವರವನ್ನು ಹೇಗೆ ಎಳೆದುಕೊಳ್ಳುತ್ತದೆ ಎಂಬುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ನೀವು ಓದುವ ಕಾದಂಬರಿಯಲ್ಲಿ ಆಚೆ ಲೋಕದ ಊಟದ ಪ್ರಸಂಗ ಬಂದರೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ತಿನ್ನಿಸಿದರೋ, ಮೋಸಹೋಗಿ ತಿಂದರೋ, ತಿಳಿದೇ ತಿಂದರೋ?

ಹೋಲಿಕೆ ಮಾಡುವಾಗ ನೋಟ್‌ಬುಕ್ಕಿನ ಪುಟವನ್ನು ನಡುವೆ ಗೆರೆ ಎಳೆದು ಎರಡು ಮಾಡಿ, ಯಾರು ಮಾಡಿದರು, ಯಾಕೆ ಮಾಡಿದರು, ಯಾರು ಕಂಡರು, ಕೊನೆಗೆ ಬೆಲೆ ತೆತ್ತವರು ಯಾರು ಎಂದು ಎರಡೂ ಕಡೆ ಬರೆಯಿರಿ. ಉತ್ತರಗಳು ಬೇರೆಯಾದ ಸಾಲುಗಳನ್ನಷ್ಟೇ ಮುಂದಕ್ಕೆ ತೆಗೆದುಕೊಳ್ಳಿ.

ನಾಯಿಯನ್ನು ಹಿಂಬಾಲಿಸಿ

ಈಗ ಇದೇ ಕ್ರಮವನ್ನು ಕಾದಂಬರಿಯ ಮೇಲೆ ಪ್ರಯೋಗಿಸಿ ನೋಡೋಣ. 1997ರಲ್ಲಿ ಬಂದ ಹ್ಯಾರಿ ಪಾಟರ್ ಸರಣಿಯ ಮೊದಲ ಪುಸ್ತಕದಲ್ಲಿ ಮೂರು ತಲೆಯ ದೈತ್ಯ ನಾಯಿಯೊಂದು ನೆಲಬಾಗಿಲೊಂದನ್ನು ಕಾಯುತ್ತದೆ. ಅದರ ಹೆಸರು ಫ್ಲಫಿ. ಹಾಗೆಂದರೆ ಹತ್ತಿಯಂತೆ ಮೆತ್ತಗಿರುವುದು. ಅದನ್ನು ಸಾಕಿದವನು ತಾನು ಅದನ್ನು ಒಬ್ಬ ಗ್ರೀಕನಿಂದ ಕೊಂಡೆ ಎನ್ನುತ್ತಾನೆ. ಲೇಖಕಿ ಜೆ. ಕೆ. ರೌಲಿಂಗ್ ಆಕರವನ್ನು ಮುಚ್ಚಿಡದೆ ಓದುಗರತ್ತ ಕಣ್ಣು ಮಿಟುಕಿಸುತ್ತಿದ್ದಾರೆ. ಆದ್ದರಿಂದ ‘ಇದು ಗ್ರೀಕ್ ಪಾತಾಳದ ಬಾಗಿಲು ಕಾಯುವ ನಾಯಿ ಸೆರ್ಬೆರಸ್’ ಎಂದು ಪತ್ತೆಹಚ್ಚಿದ್ದರಲ್ಲಿ ನಮ್ಮ ಜಾಣತನವೇನೂ ಇಲ್ಲ. ಆಟ ಇನ್ನೂ ಶುರುವಾಗಬೇಕಿದೆ.

ಹೋಮರನಲ್ಲಿ ಈ ನಾಯಿಗೆ ಹೆಸರೇ ಇಲ್ಲ; ಹೆರಾಕ್ಲಿಸ್ ಹಿಡಿದು ತಂದ ‘ಹೇಡಿಸ್‌ನ ನಾಯಿ’ ಅಷ್ಟೇ. ಹೆಸಿಯಡ್ ಅದಕ್ಕೆ ಹೆಸರು ಕೊಡುತ್ತಾನೆ, ಜೊತೆಗೆ ಐವತ್ತು ತಲೆಗಳನ್ನೂ ಕೊಡುತ್ತಾನೆ. ಅವನು ಹೇಳುವ ಇನ್ನೊಂದು ವಿವರವಂತೂ ಬಹಳ ಮುಖ್ಯವಾದದ್ದು: ಒಳಗೆ ಬರುವವರ ಮುಂದೆ ಈ ನಾಯಿ ಬಾಲ ಅಲ್ಲಾಡಿಸುತ್ತ, ಕಿವಿ ಆಡಿಸುತ್ತ ಮುದ್ದು ಮಾಡುತ್ತದೆ, ಹೊರಗೆ ಹೋಗಲು ಯತ್ನಿಸಿದವರನ್ನು ಹಿಡಿದು ತಿನ್ನುತ್ತದೆ. ಸತ್ತವರು ಮರಳಬಾರದು ಎಂಬುದೇ ಅದರ ಕಾವಲಿನ ಉದ್ದೇಶ. ಮುಂದೆ ರೋಮನ್ ಕವಿ ವರ್ಜಿಲ್‌ನ ಕಾಲಕ್ಕೆ ತಲೆಗಳು ಮೂರಾಗಿವೆ, ಜೀವಂತ ಮನುಷ್ಯನೊಬ್ಬ ಒಳಗೆ ಹೋಗುವುದು ಹೇಗೆ ಎಂಬ ಹೊಸ ಸಮಸ್ಯೆಯೂ ಹುಟ್ಟಿಕೊಂಡಿದೆ. ಅವನ ‘ಇನೀಡ್’ ಕಾವ್ಯದ 6ನೇ ಭಾಗದಲ್ಲಿ ಜೇನು ಬೆರೆಸಿದ ಮತ್ತಿನ ತುತ್ತನ್ನು ಎಸೆದು ನಾಯಿಯನ್ನು ಮಲಗಿಸುತ್ತಾರೆ. ಅವನದೇ ಇನ್ನೊಂದು ಕಾವ್ಯದಲ್ಲಿ, ಹೆಂಡತಿಯನ್ನು ಹುಡುಕಿಕೊಂಡು ಬಂದ ಆರ್ಫಿಯಸ್‌ನ ಹಾಡಿಗೆ ನಾಯಿ ಮೂರೂ ಬಾಯಿ ತೆರೆದುಕೊಂಡು ಸ್ತಬ್ಧವಾಗುತ್ತದೆ. ಕ್ರಿ.ಶ. 2ನೇ ಶತಮಾನದಲ್ಲಿ ಅಪುಲೇಯಸ್ ಹೇಳಿದ ಸೈಕಿ ಎಂಬ ಹುಡುಗಿಯ ಕತೆಯಲ್ಲಿ ಅವಳು ಪಾತಾಳಕ್ಕೆ ಹೋಗುವಾಗ ನಾಯಿಗೆಂದು ಎರಡು ರೊಟ್ಟಿಗಳನ್ನು ಒಯ್ಯುತ್ತಾಳೆ, ಹೋಗುವಾಗ ಒಂದು, ಬರುವಾಗ ಒಂದು. ಹೊರಬರುವ ದಾರಿಯೂ ಅಷ್ಟೇ ಕಠಿಣ ಎಂಬ ಹೆಸಿಯಡ್‌ನ ನೆನಪು ಅಲ್ಲಿ ಉಳಿದುಕೊಂಡಿದೆ.

ಈಗ ಕಾದಂಬರಿಗೆ ಮರಳಿ. ಮಕ್ಕಳು ಕೊಳಲೂದಿ ನಾಯಿಯನ್ನು ಮಲಗಿಸುತ್ತಾರೆ, ಅವರಿಗಿಂತ ಮೊದಲು ಹೋದವರು ಬಿಟ್ಟ ಹಾರ್ಪ್ ವಾದ್ಯವೊಂದು ಅದರ ಕಾಲಬುಡದಲ್ಲಿ ಬಿದ್ದಿರುತ್ತದೆ. ಆರ್ಫಿಯಸ್‌ನ ತಂತಿವಾದ್ಯದ ನೆರಳು ಅಲ್ಲಿದೆ ಎನ್ನಬಹುದು. ಆದರೆ ಎರಡು ವ್ಯತ್ಯಾಸಗಳು ಕಣ್ಣಿಗೆ ಹೊಡೆಯುತ್ತವೆ. ಒಂದು, ಇಲ್ಲಿ ಕಾವಲು ಒಳಗೆ ಹೋಗುವವರಿಗೆ, ಹೊರಗೆ ಬರುವವರಿಗಲ್ಲ. ಎರಡು, ಬಾಗಿಲ ಕೆಳಗೆ ಇರುವುದು ಸತ್ತವರ ಲೋಕವಲ್ಲ, ಸಾವನ್ನೇ ತಪ್ಪಿಸಬಲ್ಲ ಕಲ್ಲು. ಹಳೆಯ ನಾಯಿ ಸಾವಿನಿಂದ ತಪ್ಪಿಸಿಕೊಳ್ಳುವವರನ್ನು ತಡೆಯುತ್ತಿತ್ತು; ಸಾಯದಿರುವ ದಾರಿಯನ್ನು ಕದಿಯಲು ಬರುವವನನ್ನು ತಡೆಯಲು ನಿಂತಿರುವ ಹೊಸ ನಾಯಿ, ದಿಕ್ಕು ತಿರುಗಿದ್ದರೂ, ಬಹುಮಟ್ಟಿಗೆ ಅದೇ ಕೆಲಸವನ್ನು ಮಾಡುತ್ತಿದೆ. ಇಂಥ ಒಂದು ವಾಕ್ಯ ನಿಮ್ಮದಾಗಿ ಸಿಕ್ಕಿದರೆ ಹೋಲಿಕೆಯ ಶ್ರಮ ಸಾರ್ಥಕ. ಲೇಖಕಿ ಇದನ್ನೆಲ್ಲ ಯೋಚಿಸಿಯೇ ಬರೆದರು ಎಂದು ಸಾಧಿಸುವ ಹೊಣೆ ನಮಗಿಲ್ಲ. ಪಠ್ಯದಲ್ಲಿರುವ ವಿವರಗಳು ಆ ಓದನ್ನು ತಾಳಿಕೊಳ್ಳುತ್ತವೆಯೇ ಎಂದು ನೋಡಿದರೆ ಸಾಕು.

ಪದದ ಬೇರಿಗೆ ಇಳಿಯುವಾಗ

ಪದಮೂಲವನ್ನು ಇಷ್ಟು ತಡವಾಗಿ ತಂದಿರುವುದಕ್ಕೆ ಕಾರಣವಿದೆ. ಮೊದಲೇ ಅದಕ್ಕೆ ಕೈಹಾಕಿದರೆ, ಸಿಕ್ಕ ಅರ್ಥವನ್ನು ಕತೆಯ ಮೇಲೆ ಹೇರುವ ಚಪಲ ಹುಟ್ಟುತ್ತದೆ. ಇದೇ ನಾಯಿಯನ್ನು ತೆಗೆದುಕೊಳ್ಳಿ. ‘ಕೆರ್ಬೆರೊಸ್’ ಎಂಬ ಗ್ರೀಕ್ ಹೆಸರೂ ‘ಚುಕ್ಕೆಗಳುಳ್ಳ’ ಎಂಬರ್ಥದ ಸಂಸ್ಕೃತದ ‘ಶಬಲ’ವೂ ಒಂದೇ ಮೂಲದವು ಎಂಬ ಮಾತು ಅಂತರಜಾಲದಲ್ಲಿ ಎಲ್ಲೆಡೆ ಸಿಗುತ್ತದೆ, ಋಗ್ವೇದದ ಯಮನ ನಾಯಿಗಳಿಗೂ ಆ ವಿಶೇಷಣ ಇರುವುದರಿಂದ ಅದು ಕಿವಿಗೆ ಬಹಳ ಹಿತವಾಗಿಯೂ ಇದೆ. ಆದರೆ ಎರಡು ಪದಗಳ ಧ್ವನಿಗಳು ನಿಯಮಬದ್ಧವಾಗಿ ಹೊಂದುವುದಿಲ್ಲವೆಂದು ಹಲವು ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಕೇಳಲು ಎಷ್ಟು ಚೆನ್ನಾಗಿದ್ದರೆ ಅಷ್ಟು ಅನುಮಾನಪಡಬೇಕು ಎಂಬುದು ಪದಮೂಲದ ವಿಷಯದಲ್ಲಿ ಒಳ್ಳೆಯ ನಿಯಮ.

ಹಾಗಾಗಿ ನಿಘಂಟಿನಲ್ಲಿ ಮೂರು ಸಂಗತಿಗಳನ್ನು ನೋಡಿ: ಪದ ಮೊದಲು ಬರಹದಲ್ಲಿ ದಾಖಲಾದ ಕಾಲ, ಅದು ಹಾದುಬಂದ ಭಾಷೆಗಳ ಸರಣಿ, ಮತ್ತು ‘ಮೂಲ ತಿಳಿಯದು’, ‘ಇರಬಹುದು’ ಎಂಬಂಥ ಸಂಕೋಚದ ಮಾತುಗಳು. ಕೊನೆಯದನ್ನು ಓದುಗರು ಹಾರಿಸಿಬಿಡುತ್ತಾರೆ. ಇಂಗ್ಲಿಷ್ ಪದಗಳಿಗೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಹೆಚ್ಚು ನಂಬಲರ್ಹ. ಕನ್ನಡದಲ್ಲಿ ಬಳಕೆಯಲ್ಲಿರುವ ಸಂಸ್ಕೃತ ಪದಗಳಿಗೆ 1899ರ ಮೋನಿಯರ್ ವಿಲಿಯಮ್ಸ್ ನಿಘಂಟನ್ನು ನೋಡಬಹುದು. ‘ಕೇಂದ್ರ’ ಗ್ರೀಕಿನ ‘ಕೆಂಟ್ರೊನ್’ನಿಂದಲೂ ‘ಹೋರಾ’ ಗ್ರೀಕಿನ ‘ಹೋರಾ’ದಿಂದಲೂ ಬಂದವು ಎಂಬ ಮಾಹಿತಿ ಅಲ್ಲೇ ಸಿಗುತ್ತದೆ.

ಪುರಾಣದಿಂದ ಬಂದ ಪದಗಳಲ್ಲಿ ಎರಡು ಬಗೆ. ಕೆಲವನ್ನು ಯಾರೋ ಕತೆ ಗೊತ್ತಿದ್ದೇ ಇಟ್ಟದ್ದು. 1802ರಲ್ಲಿ ಸ್ವೀಡನ್ನಿನ ರಸಾಯನವಿಜ್ಞಾನಿ ಎಕೆಬರ್ಗ್ ಹೊಸ ಲೋಹಕ್ಕೆ ಟ್ಯಾಂಟಲಂ ಎಂದು ಹೆಸರಿಟ್ಟದ್ದು, ಆಮ್ಲದಲ್ಲಿ ಮುಳುಗಿಸಿದರೂ ಅದು ಆಮ್ಲವನ್ನು ಹೀರಿಕೊಳ್ಳದು ಎಂಬ ಕಾರಣಕ್ಕೆ; ಕುತ್ತಿಗೆಯವರೆಗೆ ನೀರಿದ್ದರೂ ಕುಡಿಯಲಾಗದ ಟ್ಯಾಂಟಲಸ್ ಅವನಿಗೆ ನೆನಪಾಗಿದ್ದ. ಇನ್ನು ಕೆಲವು ಪದಗಳು ಯಾರ ಅರಿವಿಗೂ ಬಾರದೆ ಶತಮಾನಗಳ ಬಾಯಿಬಳಕೆಯಲ್ಲಿ ಸವೆದು ಬಂದವು. ಸಾಹಿತ್ಯದ ಓದಿಗೆ ಈ ಎರಡನೆಯ ಬಗೆಯೇ ಹೆಚ್ಚು ಫಲ ಕೊಡುತ್ತದೆ.

‘ಫೇರಿ’ ಎಂಬ ಪದವನ್ನು ನೋಡಿ. ಇಂಗ್ಲಿಷಿಗೆ ಅದು ಹಳೆಯ ಫ್ರೆಂಚಿನಿಂದ ಬಂದಿದೆ. ಫ್ರೆಂಚ್ ಪದದ ಹಿಂದೆ ಲ್ಯಾಟಿನ್ನಿನ ‘ಫಾಟಾ’ ಇದೆ, ಅಂದರೆ ವಿಧಿ, ವಿಧಿಯ ದೇವತೆಯರು. ಗ್ರೀಕರಲ್ಲಿ ಅವರು ಮೂವರು: ನೂಲುವ ಕ್ಲೋಥೊ, ಪಾಲು ಅಳೆಯುವ ಲಾಕೆಸಿಸ್, ತಿರುಗಿಸಲಾಗದವಳು ಎಂಬರ್ಥದ ಅಟ್ರೊಪೊಸ್. ವೀರ ಮೆಲಿಯೇಜರ್ ಹುಟ್ಟಿದಾಗ ಈ ಮೂವರು ಬಂದು, ಒಲೆಯಲ್ಲಿ ಉರಿಯುತ್ತಿರುವ ಕೊರಡು ಬೂದಿಯಾಗುವವರೆಗೆ ಮಾತ್ರ ಈ ಮಗುವಿನ ಆಯುಷ್ಯ ಎನ್ನುತ್ತಾರೆ. ತಾಯಿ ಕೊರಡನ್ನು ಆರಿಸಿ ಬಚ್ಚಿಡುತ್ತಾಳೆ. ಮುಂದೊಂದು ದಿನ, ತನ್ನ ಅಣ್ಣತಮ್ಮಂದಿರನ್ನು ಕೊಂದ ಮಗನ ಮೇಲಿನ ಸಿಟ್ಟಿನಲ್ಲಿ, ತಾನೇ ಅದನ್ನು ಬೆಂಕಿಗೆ ಹಾಕುತ್ತಾಳೆ. ಈಗ 1697ರಲ್ಲಿ ಫ್ರೆಂಚಿನಲ್ಲಿ ಅಚ್ಚಾದ ನಿದ್ರಿಸುವ ರಾಜಕುಮಾರಿಯ ಕತೆಯನ್ನು ನೆನೆಸಿಕೊಳ್ಳಿ. ಹುಟ್ಟಿದ ಮಗುವಿನ ಬಳಿ ಫೇರಿಗಳು ಬಂದು ವರ ಕೊಡುತ್ತಾರೆ, ಕರೆಯದೆ ಬಂದವಳು ಶಾಪ ಕೊಡುತ್ತಾಳೆ, ತಂದೆ ಅಪಾಯದ ವಸ್ತುವನ್ನು ರಾಜ್ಯದಲ್ಲೇ ಇಲ್ಲದಂತೆ ಮಾಡಲು ಹೊರಡುತ್ತಾನೆ, ಆ ವಸ್ತು ಬೇರೇನೂ ಅಲ್ಲ, ನೂಲುವ ಕದಿರು. ರೆಕ್ಕೆಯ ಪುಟ್ಟ ಸುಂದರಿಯರಾಗಿ ನಮ್ಮ ಕಲ್ಪನೆಯಲ್ಲಿ ಉಳಿದಿರುವ ಫೇರಿಗಳು ಒಂದು ಕಾಲದಲ್ಲಿ ಆಯುಷ್ಯ ಅಳೆಯುವವರಾಗಿದ್ದರು ಎಂಬ ನೆನಪು ಪದದೊಳಗೆ ಮಲಗಿದೆ. ಇದರಿಂದ ಆ ಕತೆ ಗ್ರೀಕ್ ಕತೆಯ ನಕಲು ಎಂದು ಸಾಬೀತಾಗುವುದಿಲ್ಲ. ಆದರೆ ಮುಂದೆ ಯಾವ ಕತೆಯಲ್ಲಿ ಫೇರಿ ಬಂದರೂ, ಇವಳು ಅಲಂಕಾರಕ್ಕೆ ಬಂದವಳೋ, ಯಾರದೋ ಆಯುಷ್ಯದ ಲೆಕ್ಕ ಇಟ್ಟುಕೊಂಡು ಬಂದವಳೋ ಎಂದು ಕೇಳಲು ಅವಕಾಶವಾಗುತ್ತದೆ.

ಮಾಟಮಂತ್ರದ ಪದಗಳೂ ಹೀಗೆಯೇ. ಇಂದು ಸಿನಿಮಾ ಪುಟಗಳಲ್ಲಿ ಮೆರೆಯುವ ‘ಗ್ಲಾಮರ್’ ಎಂಬುದು ಸ್ಕಾಟ್ಲೆಂಡಿನ ಬಾಯಲ್ಲಿ ‘ಗ್ರಾಮರ್’ ಪಡೆದ ರೂಪ. ಓದುಬರಹ ಬಲ್ಲವರಿಗೆ ಮಾಯಾವಿದ್ಯೆಯೂ ಬರುತ್ತದೆಂದು ಜನ ನಂಬಿದ್ದ ಕಾಲದ ಗುರುತು ಅದರಲ್ಲಿದೆ. ಮಂತ್ರ ಎಂಬರ್ಥದ ‘ಸ್ಪೆಲ್’ ಹಳೆಯ ಇಂಗ್ಲಿಷಿನಲ್ಲಿ ಬರಿಯ ಮಾತು, ಕತೆ ಎಂದಷ್ಟೇ ಆಗಿತ್ತು. ಫ್ಯಾಂಟಸಿಯಲ್ಲಿ ಮಂತ್ರವಾದಿಗಳು ಏಕೆ ಯಾವಾಗಲೂ ಪುಸ್ತಕ ಹಿಡಿದಿರುತ್ತಾರೆ ಎಂಬುದಕ್ಕೆ ಈ ಎರಡು ಪದಗಳು ಅರ್ಧ ಉತ್ತರ ಹೇಳುತ್ತವೆ.

ಲೇಖಕರು ಪದಗಳ ಇತಿಹಾಸ ಬಲ್ಲವರೇ ಎಂಬುದನ್ನೂ ವಿಚಾರಿಸಿ. ಜೆ. ಆರ್. ಆರ್. ಟೋಲ್ಕಿನ್ 1919–20ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಬಳಗದಲ್ಲಿ ಪದಮೂಲಗಳನ್ನು ಶೋಧಿಸುವ ಕೆಲಸ ಮಾಡಿದವರು, ಮುಂದೆ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರಾದವರು. ಅವರ ಪುಸ್ತಕದ ಪ್ರತಿ ಹೆಸರಿನ ಹಿಂದೆಯೂ ಲೆಕ್ಕಾಚಾರ ಇದೆಯೆಂದು ಭಾವಿಸಿ ಹುಡುಕಬಹುದು. ಎಲ್ಲ ಲೇಖಕರ ವಿಷಯದಲ್ಲೂ ಹಾಗೆ ಭಾವಿಸಿದರೆ ಓದು ಒಗಟು ಬಿಡಿಸುವ ಹಟವಾಗಿಬಿಡುತ್ತದೆ.

ಬರೆದಿಡುವುದು

ಕೊನೆಯ ಹಂತ ಚಿಕ್ಕದು. ಕಾದಂಬರಿಯ ಸಂಬಂಧಪಟ್ಟ ಅಧ್ಯಾಯವನ್ನಷ್ಟೇ ಮತ್ತೊಮ್ಮೆ ಓದಿ, ಒಂದು ಪುಟ ಮೀರದಂತೆ ಟಿಪ್ಪಣಿ ಬರೆಯಿರಿ. ಯಾವ ಆಕರದಲ್ಲಿ ಏನಿದೆ, ಇಲ್ಲಿ ಏನು ಬದಲಾಗಿದೆ, ಆ ಬದಲಾವಣೆ ಇಡೀ ಕತೆಯ ಯಾವ ಕಾಳಜಿಗೆ ಹೊಂದುತ್ತದೆ, ಇಷ್ಟೇ. ಹೊಂದದೆ ಉಳಿದ ವಿವರಗಳನ್ನು ಬಲವಂತವಾಗಿ ಹೊಂದಿಸಬೇಡಿ; ಪ್ರಶ್ನಾರ್ಥಕ ಚಿಹ್ನೆಯೊಡನೆ ಹಾಗೆಯೇ ಬಿಡಿ.

ಮೊದಲ ಪ್ರಯತ್ನಕ್ಕೆ ಸೈರನ್‌ಗಳನ್ನು ಆರಿಸಿಕೊಳ್ಳಬಹುದು, ಏಕೆಂದರೆ ‘ಒಡಿಸ್ಸಿ’ಯ 12ನೇ ಭಾಗದಲ್ಲಿ ಅವರ ಪ್ರಸಂಗ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಅಲ್ಲಿ ಅವರ ಮೈ ಹೇಗಿತ್ತೆಂಬ ವರ್ಣನೆಯೇ ಇಲ್ಲ. ಗ್ರೀಕ್ ಹೂಜಿಗಳ ಮೇಲೆ ಹೆಣ್ಣಿನ ಮುಖ, ಹಕ್ಕಿಯ ಮೈ ಇರುವವರಾಗಿ ಅವರನ್ನು ಚಿತ್ರಿಸಿದ್ದಾರೆ. ಮೀನಿನ ಬಾಲ ಅಂಟಿಕೊಂಡದ್ದು ಮಧ್ಯಯುಗದಲ್ಲಿ. ಇನ್ನೂ ಮುಖ್ಯವಾಗಿ, ಅವರು ಹಾಡಿನಲ್ಲಿ ಕಾವ್ಯದ ನಾಯಕ ಒಡಿಸಿಯಸ್‌ನಿಗೆ ಪ್ರೇಮದ ಆಸೆ ತೋರಿಸುವುದಿಲ್ಲ. ಟ್ರಾಯ್ ಯುದ್ಧದಲ್ಲಿ ನಡೆದದ್ದೆಲ್ಲವೂ ತಮಗೆ ಗೊತ್ತು, ಭೂಮಿಯ ಮೇಲೆ ನಡೆಯುವುದೆಲ್ಲವೂ ಗೊತ್ತು, ಬಂದು ಕೇಳು ಎನ್ನುತ್ತಾರೆ. ಆ ಸಾಲುಗಳನ್ನು ಪುಟದ ಎಡಕ್ಕೆ ಬರೆದುಕೊಂಡು, ನಿಮ್ಮ ಕೈಯಲ್ಲಿರುವ ಕಾದಂಬರಿಯ ಮತ್ಸ್ಯಕನ್ಯೆ ಹಾಡಿ ಏನನ್ನು ಕೊಡುತ್ತೇನೆ ಎನ್ನುತ್ತಾಳೋ ಅದನ್ನು ಬಲಕ್ಕೆ ಬರೆಯಿರಿ.